ಬೇರಿನ ಮೇಲೆ ನಿಲ್ಲುವ ಬೋನ್ಸಾಯ್: ಕರಾವಳಿಯ ಮಳೆಯಲ್ಲಿ ಬೆಳೆಸುವ ಬಗೆ

ಕಲ್ಯಾಣಪುರದ ಹತ್ತಿರ ಸ್ವರ್ಣಾ ಹೊಳೆಯ ದಂಡೆಯಲ್ಲಿ ನಾನು ಆಗಾಗ ಹೋಗಿ ನೋಡುವ ಒಂದು ಗೋಳಿಮರ (ಆಲದ ಮರ) ಇದೆ. ಪ್ರತಿ ಮಳೆಗಾಲದಲ್ಲೂ ನೆರೆ ನೀರು ಅದರ ಬುಡದ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಕೊಚ್ಚಿಕೊಂಡು ಹೋಗಿದೆ. ಈಗ ಮರ ನಿಂತಿರುವುದು ಬೇರುಗಳ ಮೇಲೆ. ಕೆಳಗೆ ಒಂದು ಕರು ಮಲಗುವಷ್ಟು ಜಾಗ ಖಾಲಿ. ಆದರೂ ಮೇಲೆ ಎಲೆ ಒಂಚೂರೂ ಬಾಡಿಲ್ಲ.

ಇಂಥ ಮರ ನೀವೂ ನೋಡಿರುತ್ತೀರಿ. ಕಡಲ್ಕೊರೆತ ಆದ ಕಡೆ ಗಾಳಿಮರದ ಬೇರು ಹೊರಗೆ ಬಿದ್ದಿರುತ್ತದೆ. ಮುರಕಲ್ಲು ತೆಗೆದ ಹೊಂಡದ ಅಂಚಿನಲ್ಲಿ ಮರಗಳು ಬೇರು ಇಳಿಬಿಟ್ಟುಕೊಂಡು ನಿಂತಿರುತ್ತವೆ. ಇದನ್ನೇ ಕುಂಡದಲ್ಲಿ, ಒಂದೂವರೆ ಅಡಿ ಎತ್ತರದಲ್ಲಿ ಮಾಡುವುದಕ್ಕೆ ಜಪಾನಿನವರು ನೆಅಗರಿ ಎನ್ನುತ್ತಾರೆ. 'ನೆ' ಅಂದರೆ ಬೇರು, 'ಅಗರಿ' ಅಂದರೆ ಮೇಲೆದ್ದದ್ದು. ಬೋನ್ಸಾಯ್ ಶೈಲಿಗಳಲ್ಲಿ ನಮ್ಮ ಊರಿನ ಹವೆಗೆ ಇದರಷ್ಟು ಒಗ್ಗುವುದು ಬೇರೊಂದಿಲ್ಲ ಎಂಬುದು ನನ್ನ ಅನುಭವ. ಕಾರಣ ನಮ್ಮ ಮಳೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನನ್ನ ಕೈಯಲ್ಲಿ ಸತ್ತ ಗಿಡದ ವಿಷಯ ಹೇಳಿಬಿಡಬೇಕು. ಒಂದು ಮಾರ್ಚ್ ತಿಂಗಳಲ್ಲಿ, ನಾಲ್ಕು ವರ್ಷ ಸಾಕಿದ ಫೈಕಸ್ (ಗೋಳಿ, ಅಶ್ವತ್ಥ, ಅತ್ತಿಯ ಜಾತಿ) ಗಿಡವನ್ನು ಕುಂಡದಿಂದ ತೆಗೆದೆ. ಪೈಪಿನಲ್ಲಿ ನೀರು ಬಿಟ್ಟು ಅರ್ಧದಷ್ಟು ಬೇರಿನ ಮಣ್ಣನ್ನು ಒಂದೇ ಸಲಕ್ಕೆ ತೊಳೆದೆ. ನೋಡಲು ತುಂಬ ಚಂದ ಇತ್ತು. ನಾಲ್ಕನೇ ದಿನ ಎಲೆ ಜೋತುಬಿತ್ತು. ಎರಡು ವಾರ ಆಗುವಷ್ಟರಲ್ಲಿ ಗಿಡ ಹೋಯ್ತು. ತೆಗೆದು ನೋಡಿದಾಗ ಕಾರಣ ಗೊತ್ತಾಯಿತು. ದಪ್ಪ ಬೇರು ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ನೀರನ್ನು ಸಾಗಿಸುತ್ತದೆ. ನೀರು ಕುಡಿಯುವ ಕೆಲಸ ಅದರದ್ದಲ್ಲ. ಕುಡಿಯುವುದು ತುದಿಯಲ್ಲಿರುವ ಕೂದಲಿನಂಥ ಎಳೆ ಬೇರು. ನನ್ನ ಗಿಡದಲ್ಲಿ ಎಳೆ ಬೇರೆಲ್ಲ ಮೇಲಿನ ಅರ್ಧದಲ್ಲೇ ಇತ್ತು. ಅದನ್ನು ನಾನೇ ತೊಳೆದು ಬಿಸಿಲಿಗೆ ಇಟ್ಟಿದ್ದೆ.

ಹೊಳೆ ಬದಿಯ ಮರ ಸಾಯಲಿಲ್ಲ, ಯಾಕೆ? ಹೊಳೆ ಅವಸರ ಮಾಡಲಿಲ್ಲ. ಮೇಲೆ ಒಂದು ಗೇಣು ಮಣ್ಣು ಹೋಗುವಾಗ ಕೆಳಗೆ ಹೊಸ ಬೇರು ಆಗಲೇ ಇಳಿದಿರುತ್ತಿತ್ತು. ನಾವು ಮಾಡಬೇಕಾದದ್ದೂ ಅಷ್ಟೇ. ಮೊದಲು ಕೆಳಗೆ ಬೇರು ಇಳಿಸಬೇಕು. ಆಮೇಲೆ ಮೇಲಿನದ್ದನ್ನು ಬಿಡಿಸಬೇಕು.

ಯಾವ ಗಿಡ?

ಮೊದಲ ಸಲ ಮಾಡುವವರಿಗೆ ಸಣ್ಣ ಎಲೆಯ ಫೈಕಸ್ ಬಿಟ್ಟು ಬೇರೆ ಹೇಳಲಾರೆ. ನರ್ಸರಿಯಲ್ಲಿ ಫೈಕಸ್ ಮೈಕ್ರೋಕಾರ್ಪ ಎಂದು ಕೇಳಿ. ಬುಡ ಗೆಣಸಿನ ಹಾಗೆ ಊದಿಕೊಂಡ 'ಜಿನ್ಸೆಂಗ್' ಫೈಕಸ್ ಕೊಡಲು ಬಂದರೆ ಬೇಡ ಅನ್ನಿ. ಅದು ಅಲಂಕಾರಕ್ಕೆ ಸರಿ. ಆದರೆ ನಮಗೆ ಬೇಕಾದದ್ದು ಉದ್ದುದ್ದ ಬೇರು.

ದುಡ್ಡು ಕೊಟ್ಟೇ ತರಬೇಕು ಅಂತಿಲ್ಲ. ಟೆರೇಸಿನ ನೀರು ಇಳಿಯುವ ಪೈಪಿನ ಹತ್ತಿರ, ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ, ಹಳೆ ಹೆಂಚಿನ ಮಾಡಿನ ಅಂಚಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಗೋಳಿ, ಅಶ್ವತ್ಥ, ಅತ್ತಿ ಹುಟ್ಟಿರುತ್ತವೆ ಅಲ್ವಾ? ಅವು ಗೋಡೆ ಬಿರಿಯುತ್ತವೆ ಎಂದು ಹೇಗೂ ಕಿತ್ತು ಬಿಸಾಡುತ್ತೇವೆ. ಮಣ್ಣಿಲ್ಲದ ಜಾಗದಲ್ಲಿ ಹುಟ್ಟಿದ್ದರಿಂದ ನೀರು ಹುಡುಕುತ್ತಾ ಅವುಗಳ ಬೇರು ಆಗಲೇ ಉದ್ದ ಆಗಿರುತ್ತದೆ. ನಮಗೆ ಅದೇ ಬೇಕು. ಎರಡು ದಿನ ಜೋರು ಮಳೆ ಬಂದ ಮೇಲೆ, ಸಂದಿಯ ಮಣ್ಣು ಮೆತ್ತಗಾದಾಗ, ಎಳೆಯದೆ ಚಾಕುವಿನ ತುದಿಯಿಂದ ಸಡಿಲ ಮಾಡಿ ತೆಗೆಯಿರಿ. ಬೇರೆಯವರ ಗೋಡೆಯದ್ದಾದರೆ ಒಂದು ಮಾತು ಕೇಳಿ. ಸಂತೋಷದಿಂದಲೇ ಕೊಡುತ್ತಾರೆ.

ಅಶ್ವತ್ಥದ ಎಲೆಗೆ ತೊಟ್ಟು ಉದ್ದ, ಗೋಳಿಯ ಎಲೆ ದೊಡ್ಡದು. ಚಿಕ್ಕ ಮರದಲ್ಲಿ ಹೊಂದಿಸಲು ಕಷ್ಟ. ಆದರೆ ಬೇರು ಮಾತ್ರ ಬಲು ಚೆನ್ನಾಗಿ ಬರುತ್ತದೆ. ನಾನು ಮೊದಲ ಸಲ ಅಶ್ವತ್ಥ ತಂದಾಗ ಅಮ್ಮ "ಅದನ್ನು ಮನೆ ಒಳಗೆ ಇಡ್ಲಿಕ್ಕಿಲ್ಲ" ಎಂದರು. ಬೋನ್ಸಾಯ್ ಹೇಗೂ ಒಳಗೆ ಇಡುವ ಗಿಡ ಅಲ್ಲ. ಅದಕ್ಕೆ ಬಿಸಿಲು, ಗಾಳಿ ಎರಡೂ ಬೇಕು. ಅಂಗಳದ ಕಟ್ಟೆಯ ಮೇಲೆ ಇಟ್ಟೆ. ಈಗ ಅದಕ್ಕೆ ಬೆಳಿಗ್ಗೆ ಮೊದಲು ನೀರು ಹಾಕುವುದು ಅಮ್ಮನೇ.

ಅಂಬ್ರೆಲಾ ಗಿಡವೂ ಸುಲಭ. ಕೇಪುಳದಲ್ಲಿ ಮಾಡಬಹುದು, ಆದರೆ ಬೇರು ದಪ್ಪವಾಗಲು ವರ್ಷಗಟ್ಟಲೆ ಕಾಯಬೇಕು. ಬೋಗನ್‌ವಿಲ್ಲಾದ ಬೇರು ಲಟಕ್ಕನೆ ಮುರಿಯುತ್ತದೆ, ಹೊಸಬರಿಗೆ ಬೇಡ. ಅಡೇನಿಯಂ ಬುಡವನ್ನು ಕುಂಡ ಬದಲಿಸುವಾಗಲೆಲ್ಲ ಒಂದೊಂದು ಇಂಚು ಎತ್ತಿ ನೆಟ್ಟರೆ ಸಾಕು, ಬೇರು ಕಾಣುತ್ತದೆ. ಆದರೆ ನಮ್ಮ ಮಳೆಗೆ ಹೊರಗಿಟ್ಟರೆ ಕೊಳೆಯುತ್ತದೆ. ಪುಸ್ತಕಗಳಲ್ಲಿ ಕಾಣುವ ಪೈನ್, ಜೂನಿಪರ್‌ಗೆ ಚಳಿಗಾಲ ಬೇಕು. ಉಡುಪಿ, ಮಂಗಳೂರಿನ ಸೆಕೆಯಲ್ಲಿ ಅವನ್ನು ಕಷ್ಟಪಡಿಸಬೇಡಿ.

ಹೊಯಿಗೆ, ಹೆಂಚು, ಪೈಪು

ಈ ಕೆಲಸದ ಗುಟ್ಟು ಎರಡು ಬಗೆಯ ಮಣ್ಣಿನಲ್ಲಿದೆ. ಮೇಲೆ ಸಾರವಿಲ್ಲದ ದಪ್ಪ ಹೊಯಿಗೆ (ಮರಳು), ಕೆಳಗೆ ಸಾರವಿರುವ ಮಣ್ಣು. ಮೇಲೆ ಏನೂ ಸಿಗದ ಬೇರು ಕೆಳಗಿನ ತೇವ, ಗೊಬ್ಬರ ಹುಡುಕಿಕೊಂಡು ನೇರ ಇಳಿಯುತ್ತದೆ. ನಡುವೆ ಕವಲೊಡೆಯುವುದು ಕಡಿಮೆ.

ಹೊಯಿಗೆ ಹೊಳೆಯದ್ದೇ ಆಗಬೇಕು. ಕಡಲ ಬದಿಯದ್ದು ಖಂಡಿತ ಬೇಡ, ಅದರಲ್ಲಿ ಉಪ್ಪು ಇರುತ್ತದೆ. ಅಳಿವೆ ಹತ್ತಿರದ ಹೊಳೆ ಹೊಯಿಗೆಯೂ ಅಷ್ಟೇ. ನಾಲ್ಕೈದು ಸಲ ತೊಳೆದು, ನುಣ್ಣನೆಯದ್ದು ಗಾಳಿಸಿ ತೆಗೆದು, ಜೋಳದ ಕಾಳಿನಷ್ಟು ದಪ್ಪದ್ದು ಉಳಿಸಿಕೊಳ್ಳಿ.

ಕೆಳಗಿನ ಮಣ್ಣಿಗೆ ನಮ್ಮ ಮಂಗಳೂರು ಹೆಂಚಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಮಾಡುಗಳೆಲ್ಲ ಕೆಂಪಾದವು. ಈಗ ಹಳೆ ಮನೆ ಕೆಡವಿ ಸ್ಲ್ಯಾಬ್ ಹಾಕುವ ಕಾಲ, ಒಡೆದ ಹೆಂಚಿನ ರಾಶಿ ಎಲ್ಲಾ ಕಡೆ ಸಿಗುತ್ತದೆ. ಸುಟ್ಟ ಜೇಡಿಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತದೆ. ನೀರು ಹೀರಿ ಇಟ್ಟುಕೊಳ್ಳುತ್ತದೆ, ಜಾಸ್ತಿ ಆದದ್ದನ್ನು ಹರಿಯಬಿಡುತ್ತದೆ. ಒಂದು ತುಂಡು ಕೈಯಲ್ಲಿ ಹಿಡಿದು ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ಹನಿ ಅಲ್ಲೇ ಇಂಗಿ, ಕಪ್ಪು ಕೆಂಪು ಕಲೆ ಮಾತ್ರ ಉಳಿಯುತ್ತದೆ. ಬಣ್ಣ ಹೊಡೆದದ್ದು, ಸಿಮೆಂಟ್ ಹಿಡಿದದ್ದು ಬೇಡ. ಗೋಣಿಚೀಲದ ಒಳಗಿಟ್ಟು ಸುತ್ತಿಗೆಯಿಂದ ಕುಟ್ಟಿ. ಕಡಲೆಬೇಳೆಯಿಂದ ಬಟಾಣಿಯವರೆಗಿನ ಗಾತ್ರದ್ದು ಇಟ್ಟುಕೊಂಡು ಹುಡಿಯನ್ನು ಗಾಳಿಸಿ ಬಿಸಾಡಿ. ಹುಡಿ ಉಳಿದರೆ ಮಳೆಗಾಲದಲ್ಲಿ ಅದು ಕೆಸರಾಗಿ ಬೇರು ಕೊಳೆಯುತ್ತದೆ.

ಹೆಂಚಿನ ಚೂರು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಹುಡಿ ಅರ್ಧ ಪಾಲು. ಕೊನೆಯದು ಅಂಗಡಿಯಲ್ಲಿ ಕೊಕೊಪೀಟ್ ಹೆಸರಲ್ಲಿ ಸಿಗುತ್ತದೆ. ಅದನ್ನೂ ತೊಳೆದೇ ಹಾಕಿ.

ಇನ್ನು ಪೈಪು. 4 ಇಂಚಿನ ಪಿವಿಸಿ ಪೈಪು ಒಂದು ಅಡಿ ಉದ್ದದ್ದು ಸಾಕು. ಪ್ಲಂಬಿಂಗ್ ಕೆಲಸ ಆದ ಮನೆಗಳಲ್ಲಿ ತುಂಡು ಉಳಿದಿರುತ್ತದೆ. ಮೊದಲು ಅದನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ಆಮೇಲೆ 2 ಇಂಚಿಗೊಂದರಂತೆ ಅಡ್ಡಕ್ಕೆ ಕೊಯ್ಯಿರಿ. ಆರು ಬಳೆ ಸಿಗುತ್ತದೆ, ಪ್ರತಿ ಬಳೆಗೆ ಎರಡು ಹೋಳು. ಒಂದೊಂದು ಬಳೆಗೂ ಬೈಂಡಿಂಗ್ ವಯರ್ ಸುತ್ತಿ ಬಿಗಿ ಮಾಡಿ, ಒಂದರ ಮೇಲೊಂದು ಇಟ್ಟು ಹೊರಗಿನಿಂದ ಟೇಪ್ ಹಾಕಿ. ಉದ್ದಕ್ಕೆ ಸೀಳದೆ ಬಳೆ ಮಾಡಿದರೆ ಮುಂದೆ ಕೊಂಬೆ ಅಡ್ಡ ಬಂದು ಬಳೆ ಮೇಲಿನಿಂದ ಹೊರಗೆ ಬರುವುದಿಲ್ಲ. ಪೈಪು ಕೊಯ್ಯುವುದು ಬೇಡ ಅನ್ನಿಸಿದರೆ 2 ಲೀಟರಿನ ನೀರಿನ ಬಾಟಲಿಯ ತಳ, ತಲೆ ಕತ್ತರಿಸಿ ಬಳಸಬಹುದು. ಹೊರಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ.

ನೆಡುವ ದಿನ

ಮೇ ಕೊನೆ ಅಥವಾ ಜೂನ್ ಮೊದಲ ವಾರ, ಮಳೆ ಹಿಡಿಯುವ ಹೊತ್ತು. ಗಿಡದ ಬೇರಿನ ಮಣ್ಣನ್ನು ಬಾಲ್ದಿ ನೀರಿನಲ್ಲಿ ಅದ್ದಿ ಅದ್ದಿ ತೊಳೆಯಿರಿ. ಗಿಡ ಪೆನ್ಸಿಲ್‌ನಷ್ಟೋ ಹೆಬ್ಬೆರಳಿನಷ್ಟೋ ದಪ್ಪ ಇದ್ದರೆ ಒಳ್ಳೆಯದು. ಎಳೆ ಬೇರು ಬಾಗುತ್ತದೆ, ಹೇಳಿದಂತೆ ಕೇಳುತ್ತದೆ. ನೀರು ಆವಿಯಾಗುವುದು ಕಡಿಮೆಯಾಗಲಿ ಎಂದು ಅರ್ಧದಷ್ಟು ಎಲೆ ತೆಗೆದುಬಿಡಿ.

ಈಗ ಬೇರುಗಳನ್ನು ಸುಮ್ನೆ ಸ್ವಲ್ಪ ಹೊತ್ತು ನೋಡಿ. ಎರಡು ವರ್ಷ ಬಿಟ್ಟು ಕಾಣುವ ರೂಪ ನಿಮ್ಮ ಕೈಯಲ್ಲಿ ತೀರ್ಮಾನ ಆಗುವುದು ಈ ಹತ್ತು ನಿಮಿಷದಲ್ಲಿ. ಹೊಯಿಗೆಯ ಒಳಗೆ ಹೋದ ಮೇಲೆ ಬೇರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಐದರಿಂದ ಏಳು ಬೇರು ಆರಿಸಿಕೊಳ್ಳಿ. ಎಲ್ಲವೂ ಒಂದೇ ದಪ್ಪ ಇರಬೇಕಾಗಿಲ್ಲ. ಒಂದು ಕಡೆ ಎರಡು ದಪ್ಪದ್ದು, ಇನ್ನೊಂದು ಕಡೆ ತೆಳ್ಳಗಿನದ್ದು ಇದ್ದರೆ ನಿಜವಾದ ಮರದ ಹಾಗೆ ಕಾಣುತ್ತದೆ. ನಡುವಿನ ತಾಯಿಬೇರು ಗೂಟದ ಹಾಗೆ ನೆಟ್ಟಗಿದ್ದರೆ ಅದನ್ನು ಹರಿತ ಕತ್ತರಿಯಿಂದ ತೆಗೆಯಿರಿ. ಅದು ಉಳಿದರೆ ಉಳಿದವು ದಪ್ಪವಾಗುವುದಿಲ್ಲ. ಎರಡು ಬೇರು ತೀರಾ ಹತ್ತಿರ ಇದ್ದರೆ ನಡುವೆ ಒಂದು ಹೆಂಚಿನ ಚೂರು ಸಿಕ್ಕಿಸಿ. ಫೈಕಸ್ ಬೇರುಗಳು ತಾಗಿ ಬೆಳೆದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೇಕೆಂದರೆ ಇದು ವರ, ಬೇಡವಾದರೆ ತೊಂದರೆ.

ಬೇರುಗಳನ್ನು ಒಟ್ಟಿಗೆ ಹಿಡಿದಿಡಲು ನಾನು ಬಳಸುವುದು ಬಾಳೆನಾರು. ಶಂಕರಪುರ ಮಲ್ಲಿಗೆ ಕಟ್ಟುತ್ತಾರಲ್ಲ, ಅದೇ. ಒದ್ದೆ ಮಾಡಿ ಸಡಿಲವಾಗಿ ಎರಡು ಸುತ್ತು ಸುತ್ತಿ. ಪ್ಲಾಸ್ಟಿಕ್ ದಾರ ಬೇರನ್ನು ಕೊಯ್ಯುತ್ತದೆ. ಬಾಳೆನಾರು ಕೆಲವು ತಿಂಗಳಲ್ಲಿ ತಾನಾಗಿ ಕರಗಿ ಹೋಗುತ್ತದೆ, ಅಷ್ಟರಲ್ಲಿ ಬೇರು ಹೇಳಿದ ದಾರಿ ಹಿಡಿದಿರುತ್ತದೆ.

8 ಇಂಚಿನ ಕುಂಡಕ್ಕೆ ಹೆಂಚಿನ ಮಿಶ್ರಣ ತುಂಬಿ, ಅದರ ಮೇಲೆ ಪೈಪಿನ ಗೋಪುರ ನಿಲ್ಲಿಸಿ, ಒಂದು ಇಂಚಿನಷ್ಟು ಮಿಶ್ರಣದ ಒಳಗೆ ಒತ್ತಿ. ಪೈಪಿನ ಒಳಗೆ ಗಿಡ ಹಿಡಿದುಕೊಂಡು ಹೊಯಿಗೆ ಸುರಿಯುತ್ತಾ ಬನ್ನಿ. ಬೇರಿನ ತುದಿ ಆದಷ್ಟು ಕೆಳಗೆ ಇರಲಿ. ತೆಳ್ಳಗಿನ ಕೋಲಿನಿಂದ ಮೆಲ್ಲ ಕುಟ್ಟಿದರೆ ಹೊಯಿಗೆ ಸಂದಿಗೆ ಇಳಿಯುತ್ತದೆ. ಪೈಪಿನ ಎರಡು ಬದಿಗೆ ಕೋಲು ಕಟ್ಟಿ, ಗಾಳಿಗೆ ಬೀಳಬಾರದು.

ಕಾಯುವ ವರ್ಷ

ಮೊದಲ ಎರಡು ತಿಂಗಳು ಪೈಪಿನ ಮೇಲಿನಿಂದ ನೀರು. ಮಳೆ ಇದ್ದರೆ ಅದೇ ಸಾಕು. ಆಮೇಲೆ ಮೇಲೆ ಸ್ವಲ್ಪ, ಕೆಳಗಿನ ಕುಂಡಕ್ಕೆ ಜಾಸ್ತಿ. ಗೊಬ್ಬರ ಕೆಳಗೆ ಮಾತ್ರ. ನೆಲಗಡಲೆ ಹಿಂಡಿಯನ್ನು ಮೂರು ದಿನ ನೆನೆಸಿ, ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ತಿಂಗಳಿಗೊಮ್ಮೆ ಹಾಕುತ್ತೇನೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹಾಕುವುದಿಲ್ಲ, ಎಲ್ಲ ಹರಿದು ಹೋಗುತ್ತದೆ.

ಈ ವರ್ಷ ಕೊಂಬೆ ಕತ್ತರಿಸಬೇಡಿ. ಚಂದ ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬೇರು ದಪ್ಪವಾಗುವುದು ಎಲೆ ಮಾಡಿದ ಆಹಾರದಿಂದ. ಮೇಲೆ ಎಷ್ಟು ಕಾಡು ಬೆಳೆಯುತ್ತದೋ ಕೆಳಗೆ ಅಷ್ಟು ಬೇರು. ಬೋನ್ಸಾಯ್ ಅಂದರೆ ಗಿಡಕ್ಕೆ ಉಪವಾಸ ಹಾಕಿ ಕುಳ್ಳು ಮಾಡುವುದು ಎಂದು ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಹಾಗಲ್ಲ. ಉಪವಾಸದ ಗಿಡದಲ್ಲಿ ಬೇರೂ ಇಲ್ಲ, ರೂಪವೂ ಇಲ್ಲ. ಹೊಟ್ಟೆ ತುಂಬ ತಿಂದ ಗಿಡವನ್ನೇ ಆಮೇಲೆ ಕತ್ತರಿಸಿ ಗಾತ್ರದಲ್ಲಿ ಇಡುವುದು.

ಎಲೆ ಮಡಚಿಕೊಂಡು ಒಳಗೆ ಕಪ್ಪು ಸಣ್ಣ ಹುಳ ಕಂಡರೆ ಅದು ಥ್ರಿಪ್ಸ್. ಆ ಎಲೆ ಚಿವುಟಿ ತೆಗೆದು ಸುಟ್ಟುಬಿಡಿ, ಬೇವಿನೆಣ್ಣೆ ಸಿಂಪಡಿಸಿ.

ಒಂದು ವರ್ಷ ಕಳೆದ ಮೇಲೆ ಕುಂಡ ಎತ್ತಿ ತಳದ ತೂತು ನೋಡಿ. ಬಿಳಿ ಬೇರಿನ ತುದಿ ಇಣುಕುತ್ತಿದ್ದರೆ ಕೆಳಗೆ ಮನೆ ಕಟ್ಟಿ ಆಯಿತು ಎಂದರ್ಥ. ಕಾಣದಿದ್ದರೆ ಇನ್ನೊಂದು ವರ್ಷ ಬಿಡಿ. ನನ್ನ ಎರಡು ಗಿಡ ಒಂದೇ ವರ್ಷದಲ್ಲಿ ತಯಾರಾದವು, ಒಂದು ಅಶ್ವತ್ಥ ಎರಡು ವರ್ಷ ತೆಗೆದುಕೊಂಡಿತು.

ಬೇರು ಬಿಡಿಸುವುದು ಮಳೆಗಾಲದಲ್ಲಿ ಮಾತ್ರ

ಉಡುಪಿ, ಮಂಗಳೂರಿನ ಕಡೆ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಟ್ಟೆ ಒಣಗದ, ಹಪ್ಪಳ ಮೆತ್ತಗಾಗುವ ಆ ನಾಲ್ಕು ತಿಂಗಳು ನಮ್ಮ ಗಿಡಕ್ಕೆ ಹಬ್ಬ. ಗಾಳಿಯಲ್ಲೇ ಅಷ್ಟು ತೇವ ಇರುವುದರಿಂದ ಹೊರಗೆ ಬಂದ ಬೇರು ಒಣಗುವ ಮೊದಲು ಅದಕ್ಕೆ ತೊಗಟೆ ಕಟ್ಟಲು ಸಮಯ ಸಿಗುತ್ತದೆ. ಬಯಲುಸೀಮೆಯಲ್ಲಿ ಇದಕ್ಕೆ ಪ್ಲಾಸ್ಟಿಕ್ ಮುಚ್ಚಬೇಕು, ಹೊಗೆಯಂತೆ ನೀರು ಚಿಮುಕಿಸಬೇಕು. ನಮಗೆ ಅದನ್ನು ಮಳೆಯೇ ಮಾಡಿಕೊಡುತ್ತದೆ.

ಜೂನ್ ಎರಡನೇ ವಾರ ಮೇಲಿನ ಮೊದಲ ಬಳೆ ಬಿಚ್ಚಿ. ಹೊಯಿಗೆಯನ್ನು ಕೈಯಿಂದ ಕೆದಕದೆ ಸಣ್ಣ ಧಾರೆಯ ನೀರಿನಿಂದ ಇಳಿಸಿ. ಹೊಸದಾಗಿ ಕಂಡ ಬೇರು ಸಿಪ್ಪೆ ತೆಗೆದ ಗೆಣಸಿನ ಬಣ್ಣದಲ್ಲಿರುತ್ತದೆ. ಮುಟ್ಟಿದರೆ ಮೆತ್ತಗೆ, ಉಗುರು ಆಡಿಸಿದರೆ ಹಾಲು ಬರುತ್ತದೆ. ಒಂದು ವಾರಕ್ಕೆ ಹಳದಿ. ಎರಡು ಮೂರು ವಾರಕ್ಕೆ ಕಂದು, ಮೇಲೆ ಅಕ್ಕಿಕಾಳಿನಂಥ ಸಣ್ಣ ಚುಕ್ಕಿ. ಆಗ ಉಗುರಿಗೆ ಗಟ್ಟಿ ಸಿಗುತ್ತದೆ. ಅದು ತೊಗಟೆ. ಆ ಬಣ್ಣ ಬಂದ ಮೇಲೆಯೇ ಎರಡನೇ ಬಳೆ. ಕ್ಯಾಲೆಂಡರ್ ನೋಡಬೇಡಿ, ಬೇರು ನೋಡಿ. ಒಂದು ಮಳೆಗಾಲಕ್ಕೆ ನಾಲ್ಕು ಬಳೆ ಬಿಡಿಸಿದರೆ ಬೇಕಾದಷ್ಟಾಯಿತು. ಉಳಿದ ಎರಡು ಮುಂದಿನ ವರ್ಷಕ್ಕಿರಲಿ.

ಬೇರು ಸುಕ್ಕುಗಟ್ಟಿದರೆ ಗಾಬರಿ ಬೇಡ. ಒದ್ದೆ ತೆಂಗಿನ ನಾರು ಸುತ್ತಿ ಹತ್ತು ದಿನ ಮಾಡಿನ ಕೆಳಗಿಡಿ. ಹೊರಬಂದ ಬೇರಿನಿಂದ ಕೂದಲಿನಂಥ ಬೇರು ಚಿಗುರಿದರೆ ಕತ್ತರಿಸಿ. ಒಂದರ ಮೇಲೊಂದು ಕೆಟ್ಟದಾಗಿ ಅಡ್ಡ ಹಾದ ಬೇರನ್ನು ತೆಗೆಯುವುದಾದರೆ ಒಂದು ಸಲಕ್ಕೆ ಒಂದೇ. ಫೈಕಸ್ ಹಾಲು ಕೆಲವರಿಗೆ ಚರ್ಮದಲ್ಲಿ ತುರಿಕೆ ಮಾಡುತ್ತದೆ, ಕಣ್ಣಿಗೆ ಬೀಳಲೇಬಾರದು. ಕೈಗವಸು ಹಾಕಿಕೊಳ್ಳಿ.

ಈ ಸಮಯದಲ್ಲಿ ನನ್ನ ಗಿಡಗಳಿಗೆ ಜಾಸ್ತಿ ತೊಂದರೆ ಕೊಟ್ಟದ್ದು ಬಸವನಹುಳು. ರಾತ್ರಿ ಬಂದು ಹೊಸ ಬೇರಿನ ಮೆತ್ತನೆಯ ಸಿಪ್ಪೆ ಕೆರೆದು ತಿನ್ನುತ್ತದೆ. ಉಪ್ಪು ಹಾಕಬೇಡಿ, ಉಪ್ಪು ಕುಂಡಕ್ಕೆ ಇಳಿದರೆ ಗಿಡಕ್ಕೇ ಅಪಾಯ. ಟಾರ್ಚ್ ಹಿಡಿದು ಹೆಕ್ಕಿ ತೆಗೆಯುವುದು, ಕುಂಡವನ್ನು ನೀರಿನ ತಟ್ಟೆಯ ನಡುವೆ ಕಲ್ಲಿನ ಮೇಲೆ ಇಡುವುದು, ಎರಡೇ ದಾರಿ. ಪಾಚಿ ಬೇರಿಗೆ ಹತ್ತಿದರೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲ ತಿಕ್ಕಿ.

ಬೋನ್ಸಾಯ್ ಕುಂಡಕ್ಕೆ

ಬೇಕಾದಷ್ಟು ಬೇರು ಕಂಡು, ಒಂದು ಬೇಸಿಗೆಯನ್ನು ಗಿಡ ದಾಟಿದ ಮೇಲೆ, ಮುಂದಿನ ಜೂನ್‌ನಲ್ಲಿ ಚಿಕ್ಕ ಕುಂಡಕ್ಕೆ ಹಾಕಿ. ಈ ಶೈಲಿಗೆ ಅಗಲ ತಟ್ಟೆ ಸರಿ ಕಾಣುವುದಿಲ್ಲ. ದುಂಡಗಿನ, ಸ್ವಲ್ಪ ಆಳದ ಕುಂಡ ಒಳ್ಳೆಯದು. ಬೇರಿನ ಎತ್ತರ ಮತ್ತು ಕಾಂಡದ ಎತ್ತರ ಸರಿಸಮ ಇರದಿರಲಿ. ಬೇರು ಉದ್ದ, ಕಾಂಡ ಗಿಡ್ಡ ಮಾಡಿ. ಆಗ ಕಣ್ಣು ನೇರ ಬೇರಿಗೇ ಹೋಗುತ್ತದೆ. ತಳದ ತೂತಿನಿಂದ ಅಲ್ಯೂಮಿನಿಯಂ ತಂತಿ ತಂದು ಬೇರನ್ನು ಕುಂಡಕ್ಕೆ ಬಿಗಿಯಾಗಿ ಕಟ್ಟಿ. ತಂತಿ ತಾಗುವಲ್ಲಿ ರಬ್ಬರ್ ತುಂಡು ಇಡಿ. ಗಿಡ ಅಲುಗಾಡಿದರೆ ಹೊಸ ಬೇರು ಹಿಡಿಯುವುದಿಲ್ಲ.

ರೂಪ ಕೊಡಲು ಕೊಂಬೆಗೆ ತಂತಿ ಸುತ್ತಿದ್ದರೆ ತಿಂಗಳಿಗೊಮ್ಮೆ ನೋಡಿ. ನಮ್ಮ ಮಳೆಗಾಲದಲ್ಲಿ ಫೈಕಸ್ ಎಷ್ಟು ಬೇಗ ದಪ್ಪವಾಗುತ್ತದೆ ಎಂದರೆ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ, ಆ ಗಾಯ ವರ್ಷಗಟ್ಟಲೆ ಉಳಿಯುತ್ತದೆ.

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ನೀರು ಬೇಕು. ಮಧ್ಯಾಹ್ನದ ಬಿಸಿಲು ನೇರ ಬೇರಿಗೆ ಹೊಡೆಯದ ಹಾಗೆ ತೆಂಗಿನ ಮರದ ಚದುರಿದ ನೆರಳಿನಲ್ಲಿಡಿ. ಮಲ್ಪೆ, ಉಳ್ಳಾಲದ ಕಡೆ ಕಡಲಿಗೆ ಹತ್ತಿರ ಮನೆ ಇರುವವರು ವಾರಕ್ಕೆರಡು ಸಲ ಎಲೆ, ಬೇರು ಎರಡನ್ನೂ ಬಾವಿ ನೀರಿನಿಂದ ತೊಳೆಯಿರಿ, ಉಪ್ಪುಗಾಳಿಯ ಪದರ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿ, ಕುಂಡದೊಳಗಿನ ಬೇರಿನ ಮೂರನೇ ಒಂದು ಪಾಲು ಕತ್ತರಿಸಿ. ಪ್ರತಿ ಸಲ ಗಿಡವನ್ನು ಕಾಲು ಇಂಚು ಎತ್ತಿ ನೆಟ್ಟರೆ ಬೇರಿನ ಇನ್ನೊಂದು ಗಂಟು ಬೆಳಕಿಗೆ ಬರುತ್ತದೆ.

ಈ ಜೂನ್‌ಗೆ ಶುರು ಮಾಡುವ ಆಲೋಚನೆ ಇದ್ದರೆ ಹೆಂಚನ್ನು ಏಪ್ರಿಲ್‌ನಲ್ಲೇ ಕುಟ್ಟಿ, ಗಾಳಿಸಿ, ಚೀಲದಲ್ಲಿ ಕಟ್ಟಿಡಿ. ಮಳೆ ಶುರುವಾದ ಮೇಲೆ ಒದ್ದೆ ಹೆಂಚಿನ ಹುಡಿ ಜರಡಿಗೆ ಮೆತ್ತಿಕೊಳ್ಳುತ್ತದೆ, ಕೆಳಗೆ ಇಳಿಯುವುದೇ ಇಲ್ಲ.